ಇಸಿಎಂ ಹೋಗಿದೆ ಅಂದರು, ಗುಜರಿಯಿಂದ ಹಳೆಯದು ತಂದು ಹಾಕಬಹುದಾ?

ನೀವು ಬರೆದದ್ದು ಇಷ್ಟು: 2013ರ ಪೆಟ್ರೋಲ್ ಕಾರು, ಮಳೆ ಹಿಡಿದ ಮೇಲೆ ಕೆಲವು ದಿನ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಸರ್ವಿಸ್ ಸೆಂಟರಿನವರು ಇಸಿಎಂ (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಡಬ್ಬ) ಹೋಗಿದೆ, ಹೊಸದಕ್ಕೆ 42 ಸಾವಿರ ಅಂದಿದ್ದಾರೆ. ಗುಜರಿಯಲ್ಲಿ ಅಂಥದೇ ಡಬ್ಬ 7 ಸಾವಿರಕ್ಕೆ ಸಿಗುತ್ತಿದೆ. ತಂದು ಸಿಕ್ಕಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ.

ಸುಮ್ನೆ ತಂದು ಸಿಕ್ಕಿಸಿದರೆ ಹೆಚ್ಚುಕಡಿಮೆ ನಡೆಯುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ನನ್ನದೊಂದು ಅನುಮಾನ. ನಿಮ್ಮ ಇಸಿಎಂ ಹೋಗೇ ಇಲ್ಲ ಅನ್ನಿಸುತ್ತಿದೆ. "ಮಳೆ ಹಿಡಿದ ಮೇಲೆ", "ಕೆಲವು ದಿನ" ಅಂದಿರಲ್ಲ, ಆ ಎರಡು ಮಾತು ಓದಿದ ಕೂಡಲೇ ನನಗೆ ನನ್ನದೇ ಕಾರು ನೆನಪಾಯಿತು.

ನಾನಿರುವುದು ಶಿವಮೊಗ್ಗದಲ್ಲಿ. ಮನೆ ಮುಂದೆ ಹೊಂಗೆ ಮರ ಇದೆ, ತಂಪಾಗಿರಲಿ ಅಂತ ಕಾರು ಅದರಡಿಯಲ್ಲೇ ನಿಲ್ಲಿಸುತ್ತಿದ್ದೆ. ಒಂದು ಜುಲೈ ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟರ್ ಗರಗರ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಿದ್ದ ಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ನಾಲ್ಕು ದಿನ ಇದೇ ಆಟ. ಸ್ಕ್ಯಾನರ್ ಹಾಕಿಸಿದರೆ ಒಟ್ಟಿಗೆ ಐದು ದೋಷದ ಕೋಡ್: ಥ್ರಾಟಲ್ ಸೆನ್ಸರ್, ಮ್ಯಾಪ್ ಸೆನ್ಸರ್, ಇನ್ನೂ ಮೂರು. "ಐದು ಸೆನ್ಸರ್ ಒಟ್ಟಿಗೆ ಹಾಳಾಗಲ್ಲ ಸಾರ್, ಇಸಿಎಂ ಹೋಗಿದೆ" ಅಂದರು.

ಆ ಮಾತು ಅರ್ಧ ಸರಿ. ಐದು ಸೆನ್ಸರ್ ಒಟ್ಟಿಗೆ ಹಾಳಾಗುವುದಿಲ್ಲ ನಿಜ. ಆದರೆ ಐದಕ್ಕೂ ಸೇರಿದ ಒಂದೇ ಒಂದು ತಂತಿ ಹಾಳಾಗಬಹುದು ಅಲ್ವಾ? ಇಸಿಎಂ ಬಹಳಷ್ಟು ಸೆನ್ಸರ್‌ಗಳಿಗೆ 5 ವೋಲ್ಟ್ ಕೊಡುತ್ತದೆ, ಮತ್ತು ಅದು ಸಾಮಾನ್ಯವಾಗಿ ಒಂದೆರಡು ಲೈನಿನಲ್ಲೇ ಎಲ್ಲಕ್ಕೂ ಹಂಚಿಹೋಗುತ್ತದೆ. ಒಬ್ಬರ ಪಂಪ್‌ಸೆಟ್ ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಹಾರಿದರೆ ಸುತ್ತಲಿನ ತೋಟಕ್ಕೆಲ್ಲ ಕರೆಂಟ್ ಹೋಗುತ್ತದಲ್ಲ, ಹಾಗೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೂ ಸಾಕು, ಉಳಿದವೆಲ್ಲ ಕೆಟ್ಟ ಹಾಗೆ ಕಾಣುತ್ತವೆ.

ನನ್ನ ಕಾರು ನೋಡಿದ್ದು ಊರಿನ ಒಬ್ಬ ಹಳೆಯ ಆಟೋ ಎಲೆಕ್ಟ್ರಿಷಿಯನ್. ಆತ ಮೊದಲಿಗೆ ಬಾನೆಟ್ ತೆಗೆಯಲೇ ಇಲ್ಲ. ಮುಂದಿನ ಎಡಗಡೆ ಸೀಟಿನ ಮುಂದಿದ್ದ ಮ್ಯಾಟ್ ಎತ್ತಿ ಕಾರ್ಪೆಟ್ ಹಿಂಡಿದ. ನೀರು ಬಂತು. ಗ್ಲೋವ್ ಬಾಕ್ಸ್ ಬಿಚ್ಚಿ ಇಸಿಎಂ ಕನೆಕ್ಟರ್ ಎಳೆದು ನನ್ನ ಮುಖದ ಮುಂದೆ ಹಿಡಿದ. ಸಾಲಾಗಿ ಹೊಳೆಯಬೇಕಿದ್ದ ಪಿನ್ನುಗಳಲ್ಲಿ ಮೂಲೆಯ ಏಳೆಂಟು ಹಸಿರಾಗಿದ್ದವು. ಅಟ್ಟದಲ್ಲಿಟ್ಟು ಮರೆತ ಹಿತ್ತಾಳೆ ಚೊಂಬಿಗೆ ಹಿಡಿಯುತ್ತದಲ್ಲ, ಅದೇ ಕಿಲುಬು. ವೈಪರ್ ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ನೀರು ಇಳಿದುಹೋಗುವ ತೂತಿನಲ್ಲಿ ಹೊಂಗೆ ಎಲೆ, ಹೂವು ಕೊಳೆತು ಗೊಬ್ಬರವಾಗಿತ್ತು. ಹೊರಗೆ ಹೋಗಬೇಕಿದ್ದ ಮಳೆ ನೀರು ಕಾರಿನೊಳಗೆ ಇಳಿದು, ವೈರಿನ ಗುಂಟ ಹರಿದು ಕನೆಕ್ಟರಿಗೆ ಬಂದಿತ್ತು. ಕಾಂಟ್ಯಾಕ್ಟ್ ಕ್ಲೀನರ್, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಎರಡು ಹೊಸ ಟರ್ಮಿನಲ್, ಒಂದು ದಿನ ಒಣಗಲು. ಒಟ್ಟು 1,800 ರೂಪಾಯಿ. ಅದೇ ಇಸಿಎಂ ಇವತ್ತಿಗೂ ಓಡುತ್ತಿದೆ. (ಕಿಲುಬು ಅಂದೆ ಅಂತ ಹುಣಸೆಹಣ್ಣು ಹಚ್ಚಬೇಡಿ. ನಮ್ಮ ಅಮ್ಮ ನಿಜವಾಗಿ ಹೇಳಿದ್ದರು.)

ಹಾಗಾಗಿ ದುಡ್ಡು ಬಿಚ್ಚುವ ಮೊದಲು ಇಷ್ಟು ನೋಡಿ. ನಾಲ್ಕೈದು ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಸಾಕು.

ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್ ಲೈಟ್ ಹತ್ತಬೇಕು. ಹತ್ತದಿದ್ದರೆ, ಸ್ಕ್ಯಾನರ್ ಜೊತೆಗೂ ಇಸಿಎಂ ಮಾತಾಡದಿದ್ದರೆ, ಅದಕ್ಕೆ ಕರೆಂಟೇ ತಲುಪುತ್ತಿಲ್ಲದಿರಬಹುದು. ಫ್ಯೂಸ್, ಮೇನ್ ರಿಲೇ (ಇಸಿಎಂಗೆ ಕರೆಂಟ್ ಬಿಡುವ ಸ್ವಿಚ್), ಅರ್ಥಿಂಗ್, ಈ ಮೂರು ನೋಡಿ. ಒಂದು ರಿಲೇಗೆ ಕೆಲವು ನೂರು ರೂಪಾಯಿ, ಅಷ್ಟೇ. ಇನ್ನು 5 ವೋಲ್ಟ್ ಲೈನ್ ಬಿದ್ದಿದೆ ಅನ್ನಿಸಿದರೆ ಕೀ ಆನ್ ಇಟ್ಟುಕೊಂಡು ಒಂದು ಸೆನ್ಸರಿನ ಪ್ಲಗ್‌ನಲ್ಲಿ ಅಳೆಯಿರಿ, ಉಳಿದವನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ ವೋಲ್ಟೇಜ್ ವಾಪಸ್ ಬರುತ್ತದೋ ಅದೇ ಕಳ್ಳ, ಅಥವಾ ಅದಕ್ಕೆ ಹೋಗುವ ವೈರು.

ಬ್ಯಾಟರಿ ನೋಡುವುದನ್ನು ಜನ ಮರೆಯುತ್ತಾರೆ. ನಿಂತಾಗ 12.6 ವೋಲ್ಟ್ ಸುಮಾರು ಇರಬೇಕು, ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಅರ್ಥಿಂಗ್ ನೋಡಲು ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಯಾರಿಗಾದರೂ ಕ್ರ್ಯಾಂಕ್ ಮಾಡಲು, ಅಂದರೆ ಸ್ಟಾರ್ಟರ್ ತಿರುಗಿಸಲು ಹೇಳಿ. 0.2 ವೋಲ್ಟಿಗಿಂತ ತುಂಬಾ ಜಾಸ್ತಿ ತೋರಿಸಿದರೆ ಅರ್ಥ್ ಪಟ್ಟಿ ಬಿಚ್ಚಿ ಉಜ್ಜಿ ಕಟ್ಟಿ.

ಎರಡು ಎಚ್ಚರಿಕೆ. ಹಳೆಯ ಕಾಲದ ಬಲ್ಬಿನ ಟೆಸ್ಟ್ ಲ್ಯಾಂಪ್ ಇಸಿಎಂ ವೈರಿಗೆ ಮುಟ್ಟಿಸಬೇಡಿ, ಅದು ಎಳೆಯುವ ಕರೆಂಟಿಗೆ ಒಳಗಿನದು ಸುಟ್ಟುಹೋಗಬಹುದು. ಮೀಟರಿನ ದಪ್ಪ ಕಡ್ಡಿಯನ್ನು ಕನೆಕ್ಟರಿನ ತೂತಿಗೆ ಮುಂದಿನಿಂದ ತುರುಕಬೇಡಿ. ಟರ್ಮಿನಲ್ ಅಗಲವಾಗಿ, ಇಲ್ಲದ ಲೂಸ್ ಕಾಂಟ್ಯಾಕ್ಟನ್ನು ನೀವೇ ಹುಟ್ಟಿಸಿದಂತಾಗುತ್ತದೆ.

ಹಾಗಾದರೆ ಇಸಿಎಂ ಹೋಗುವುದೇ ಇಲ್ಲವಾ? ಹೋಗುತ್ತದೆ. ನೀರು ಡಬ್ಬದ ಒಳಗೇ ಇಳಿದರೆ, ಜಂಪ್ ಸ್ಟಾರ್ಟ್ ಮಾಡುವಾಗ ಕೇಬಲ್ ಉಲ್ಟಾ ಹಾಕಿದರೆ, ಬ್ಯಾಟರಿ ಬಿಚ್ಚದೆ ಬಾಡಿಗೆ ವೆಲ್ಡಿಂಗ್ ಮಾಡಿಸಿದರೆ. ಪಿ0601, ಪಿ0606 ಥರದ ಕೋಡ್ ಬಂದರೆ ಇಸಿಎಂ ತನ್ನ ಮೇಲೆ ತಾನೇ ದೂರು ಕೊಡುತ್ತಿದೆ ಎಂದು ಅರ್ಥ. ಆಗಲೂ ಮೊದಲು ಪವರ್, ಅರ್ಥ್ ಸರಿ ಇದೆಯಾ ನೋಡಿಕೊಳ್ಳಿ. ಇಗ್ನಿಷನ್ ಕಾಯಿಲ್ ಶಾರ್ಟ್ ಆಗಿ ಅದನ್ನು ನಡೆಸುವ ಟ್ರಾನ್ಸಿಸ್ಟರ್ ಸುಡುವುದೂ ಉಂಟು. ಅಂಥ ಕಡೆ ಕಾಯಿಲ್ ಹಾಗೇ ಬಿಟ್ಟು ಹೊಸ ಇಸಿಎಂ ಹಾಕಿದರೆ ಅದೂ ಸುಡುತ್ತದೆ. 42 ಸಾವಿರ ಕೇಳಿದವರನ್ನು ನಾನಾಗಿದ್ದರೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಹೋಗಿದ್ದು ಯಾಕೆ?" ಅದಕ್ಕೆ ಉತ್ತರ ಇಲ್ಲ ಅಂದರೆ ಕಾರು ವಾಪಸ್ ತನ್ನಿ.

ಈಗ ಗುಜರಿ ಡಬ್ಬದ ವಿಷಯ. ನಿಮ್ಮ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇರುತ್ತದೆ. ಕೀ ಹಾಕಿದಾಗ ಆ ಚಿಪ್, ಇಮೊಬಿಲೈಸರ್ (ಕಳ್ಳತನ ತಡೆಯುವ ಘಟಕ), ಇಸಿಎಂ ಒಂದಕ್ಕೊಂದು ಗುರುತು ಹೇಳಿಕೊಳ್ಳುತ್ತವೆ. ಬೇರೆ ಕಾರಿನ ಇಸಿಎಂಗೆ ನಿಮ್ಮ ಕೀ ಪರಿಚಯವೇ ಇಲ್ಲ. ಕೀ ಗುರುತಿನ ಲೈಟ್ ಮಿಣಮಿಣ ಅನ್ನುತ್ತದೆ, ಎಂಜಿನ್ ಹಿಡಿಯುವುದಿಲ್ಲ, ಇಲ್ಲವೇ ಹಿಡಿದು ಒಂದೆರಡು ಸೆಕೆಂಡಿಗೆ ಆಫ್.

ಇದಕ್ಕೆ ದಾರಿ ಮೂರು. ಆ ಕಾರಿನ ಇಸಿಎಂ, ಇಮೊಬಿಲೈಸರ್, ಚಿಪ್ ಇರುವ ಕೀ, ಮೂರನ್ನೂ ಒಂದೇ ಸೆಟ್ ಆಗಿ ತರುವುದು. ಇಲ್ಲವೇ ಪಿನ್ ನಂಬರ್ (ಆ ಜೋಡಣೆಗೆ ಬೇಕಾದ ಗುಟ್ಟಿನ ಸಂಖ್ಯೆ) ಹಾಕಿ ನಿಮ್ಮ ಕೀ ಜೊತೆ ಜೋಡಿಸುವುದು, ಆದರೆ ಬಳಸಿದ ಇಸಿಎಂ ಮತ್ತೆ ಜೋಡಿಯಾಗಲು ಎಷ್ಟೋ ಕಾರುಗಳಲ್ಲಿ ಒಪ್ಪುವುದಿಲ್ಲ. ಮೂರನೆಯದು ಕ್ಲೋನಿಂಗ್: ನಿಮ್ಮ ಹಳೆಯದರ ಮೆಮೊರಿಯಲ್ಲಿರುವುದನ್ನು ಹಾಗೇ ಓದಿ ಇದಕ್ಕೆ ಬರೆಯುವುದು. ನನ್ನ ಮತ ಇದಕ್ಕೇ. ಹೀಗೆ ಮಾಡಿದರೆ ಕಾರಿಗೆ ಡಬ್ಬ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ನಿಮ್ಮ ಹಳೆಯ ಇಸಿಎಂನ್ನು ಯಾರು ಕೇಳಿದರೂ ಕೊಡಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ವಿಚಾರಿಸಿದರೆ ಇಸಿಎಂ ಬಿಚ್ಚಿ ರಿಪೇರಿ ಮಾಡುವವರ ವಿಳಾಸವೂ ಸಿಗುತ್ತದೆ. ಡ್ರೈವರ್ ಟ್ರಾನ್ಸಿಸ್ಟರ್, ಕೆಪಾಸಿಟರ್‌ನಂಥದ್ದು ಹೋಗಿದ್ದರೆ ರಿಪೇರಿಯೇ ಎಲ್ಲಕ್ಕಿಂತ ಅಗ್ಗ.

ತರುವುದೇ ಆದರೆ ಲೇಬಲ್ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಡಬ್ಬ ಒಂದೇ ಥರ ಇದೆ, ಪ್ಲಗ್ ಕೂರುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ. ಬಿಎಸ್3, ಬಿಎಸ್4 (ಹೊಗೆ ಮಾಲಿನ್ಯದ ಮಾನದಂಡಗಳು), ಮ್ಯಾನುಯಲ್, ಆಟೋಮ್ಯಾಟಿಕ್, ಇವಕ್ಕೆಲ್ಲ ಒಳಗಿನ ಪ್ರೋಗ್ರಾಂ ಬೇರೆ. ಕೊಂಡ ಮೇಲೆ ವಾಪಸ್ ತಗೊಳ್ತೀರಾ ಅಂತ ಮೊದಲೇ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಕದ್ದ ಕಾರಿನದಾಗಿದ್ದರೆ ತಲೆನೋವು, ಹಾಗಾಗಿ ಬಿಲ್ ಕೊಡದವನ ಹತ್ತಿರ ಬೇಡ.

ಹಾಕುವುದು ಕಷ್ಟವಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ಬಿಡಿ, ಬಾಡಿಯ ಲೋಹ ಮುಟ್ಟಿ ಆಮೇಲೆ ಡಬ್ಬ ಮುಟ್ಟಿ, ಕನೆಕ್ಟರಿನ ಲಿವರ್ ಟಕ್ ಅನ್ನುವವರೆಗೆ ಒತ್ತಿ. ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು. ಮೊದಲ ಒಂದೆರಡು ದಿನ ಐಡಲ್ (ಕಾರು ನಿಂತಿದ್ದಾಗಿನ ಎಂಜಿನ್ ವೇಗ) ಏರುಪೇರಾದರೆ ಗಾಬರಿ ಬೇಡ, ಕಲಿತುಕೊಳ್ಳುತ್ತದೆ. ಕೆಲವು ಕಾರಿಗೆ ಥ್ರಾಟಲ್ ಅಡಾಪ್ಟೇಷನ್ ಅಂತ ಸ್ಕ್ಯಾನರಿನಲ್ಲಿ ಮಾಡಿಸಬೇಕಾಗುತ್ತದೆ. ಡೀಸೆಲ್ ಆಗಿದ್ದರೆ ಇಂಜೆಕ್ಟರ್ ಕೋಡ್ ಕೂಡ ಬರೆಸಬೇಕಿತ್ತು, ನಿಮ್ಮದು ಪೆಟ್ರೋಲ್, ಆ ರಗಳೆ ಇಲ್ಲ.

ಇದೆಲ್ಲ ನಾಳೆಗಿರಲಿ. ಇವತ್ತು ಹೋಗಿ ಎಡಗಡೆಯ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಕೈ ಒದ್ದೆಯಾಯಿತಾ ಇಲ್ಲವಾ ಹೇಳಿ.