ಪಕ್ಕದ ಹಾಸಿಗೆಯವರಿಗೂ ಅದೇ ಇಂಜೆಕ್ಷನ್ನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪಯ್ಯನಿಗೆ 72 ವರ್ಷ. ಆಷಾಢದ ಮಳೆಯಲ್ಲಿ ಜ್ವರ, ಕೆಮ್ಮು ಜಾಸ್ತಿಯಾಗಿ ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ ಎಂದರು. ಅಚ್ಚು ಹಾಕಿಸಿದ ಒಂದು ಹಾಳೆ ಹಿಡಿದು ಟಿಕ್ ಹಾಕುತ್ತಾ ಹೋದರು. ಪಕ್ಕದ ಹಾಸಿಗೆಯವರಿಗೂ ಅದೇ ಇಂಜೆಕ್ಷನ್. ಮೂರನೇ ದಿನಕ್ಕೆ ಮಾತ್ರೆ, ಐದನೇ ದಿನಕ್ಕೆ ಮನೆ. ಹತ್ತು ದಿನ ಬಿಟ್ಟು ನಾವೇ ಎಕ್ಸ್‌ರೇ ತೆಗೆಸಿದರೆ ಬಿಳಿ ಕಲೆ ಹಾಗೇ ಇದೆ. ರೋಗಿಯನ್ನು ನೋಡದೆ ಹಾಳೆ ನೋಡಿ ಮದ್ದು ಕೊಟ್ಟರಾ?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮದು ಅಡಿಕೆ ತೋಟ ಎಂದು ಬರೆದಿದ್ದೀರಿ. ಕೊಳೆ ರೋಗಕ್ಕೆ ಔಷಧಿ ಹೊಡೆಸುವಾಗ ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಪಕ್ಕದ ತೋಟದವರದ್ದೂ ಅದೇ ಲೆಕ್ಕ. ನಮ್ಮ ಮರ ನೋಡದೆ ಹೊಡೆದರು ಅಂತ ಯಾರೂ ಜಗಳ ತೆಗೆಯುವುದಿಲ್ಲ, ಅಲ್ವಾ?

ನೀವು ಕಳಿಸಿದ ಡಿಸ್ಚಾರ್ಜ್ ಕಾರ್ಡ್ ಓದಿದೆ. ಅವರು ಟಿಕ್ ಹಾಕಿದ್ದು, ನ್ಯುಮೋನಿಯಾ ಬಂದವರಿಗೆ ಏನೇನು ನೋಡಬೇಕು, ಏನು ಕೊಡಬೇಕು ಎಂದು ಕ್ರಮವಾಗಿ ಬರೆದಿಟ್ಟ ಹಾಳೆ. ಅದರಲ್ಲಿ ಮೊದಲು ಇರುವುದು ಐದು ಪ್ರಶ್ನೆ. ಮಾತು ತಡವರಿಸಿ ಗೊಂದಲವಾಗಿದೆಯಾ? ರಕ್ತದಲ್ಲಿ ಯೂರಿಯಾ ಏರಿದೆಯಾ? ನಿಮಿಷಕ್ಕೆ ಉಸಿರು 30 ಅಥವಾ ಅದಕ್ಕಿಂತ ಜಾಸ್ತಿಯಾ? ಬಿಪಿ ಇಳಿದಿದೆಯಾ? ವಯಸ್ಸು 65 ಆಯಿತಾ? ಹೌದು ಎಂದರೆ ಒಂದೊಂದು ಅಂಕ. ಅಪ್ಪಯ್ಯನಿಗೆ ವಯಸ್ಸಿನದೊಂದು, ಉಸಿರು 32 ಇದ್ದದ್ದಕ್ಕೆ ಒಂದು. ಎರಡು ಬಂದರೆ ದಾಖಲು ಮಾಡುವುದೇ ಸರಿ. ಮೂರೋ ನಾಲ್ಕೋ ಆಗಿದ್ದರೆ ಐಸಿಯು ಮಾತು ಬರುತ್ತಿತ್ತು. ಅಂದರೆ ಯಾರೋ ಒಬ್ಬರು ಗಡಿಯಾರ ಹಿಡಿದು, ಒಂದು ನಿಮಿಷ ಪೂರ್ತಿ, ಅವರ ಎದೆ ಏರಿಳಿಯುವುದನ್ನು ಎಣಿಸಿದ್ದಾರೆ. ನೋಡದೆ ಮಾಡುವ ಕೆಲಸವಲ್ಲ ಅದು.

ನನಗೆ ಈ ಹಾಳೆಯ ಮೇಲೆ ಪ್ರೀತಿ ಬರಲು ಕಾರಣವಿದೆ. ಹೊಸದಾಗಿ ಡ್ಯೂಟಿ ಮಾಡುತ್ತಿದ್ದ ಕಾಲ. ರಾತ್ರಿ ಹನ್ನೊಂದಕ್ಕೆ ಒಬ್ಬರು ಅಜ್ಜಿ ಬಂದರು, ಇದೇ ಕಾಯಿಲೆ. ಇಂಜೆಕ್ಷನ್ ಬರೆದು ಮಲಗಲು ಹೋದೆ. ವಾರ್ಡಿನಲ್ಲಿ ಕೊಡುತ್ತಾರೆ ಎಂದು ಕ್ಯಾಜುಯಲ್ಟಿಯವರು, ಕ್ಯಾಜುಯಲ್ಟಿಯಲ್ಲೇ ಆಗಿದೆ ಎಂದು ವಾರ್ಡಿನವರು. ಬೆಳಿಗ್ಗೆ ಏಳಕ್ಕೆ ನೋಡಿದರೆ ಸೀಸೆ ಸೀಲು ಒಡೆಯದೆ ದಿಂಬಿನ ಪಕ್ಕದಲ್ಲಿ ಕೂತಿದೆ! ಅಜ್ಜಿ ಉಳಿದುಕೊಂಡರು, ನಮ್ಮ ಜಾಣತನದಿಂದಲ್ಲ. ಈಗಿನ ಹಾಳೆಯಲ್ಲಿ ಮೊದಲ ಡೋಸ್ ಕೊಟ್ಟ ಗಂಟೆ ಬರೆಯಲು ಒಂದು ಚೌಕ ಇರುತ್ತದೆ. ಅದು ಖಾಲಿ ಇದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಮಾತ್ರೆ ವಿಷಯ. ಜ್ವರ ಇಳಿದು, ಉಸಿರು ತಹಬಂದಿಗೆ ಬಂದು, ಬಾಯಲ್ಲಿ ಗಂಜಿ ಇಳಿಯುತ್ತಿದ್ದರೆ ಇಂಜೆಕ್ಷನ್ ಸುಮ್ನೆ ಮುಂದುವರಿಸಿ ಲಾಭವಿಲ್ಲ. ಕೈಯಲ್ಲಿ ಸೂಜಿ ಇದ್ದಷ್ಟು ದಿನ ಬೇರೆ ಸೋಂಕಿನ ಭಯ. ಕೆನಡಾದಲ್ಲಿ 19 ಆಸ್ಪತ್ರೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಹೀಗೆ ಕ್ರಮ ಹಾಕಿಕೊಂಡ ಕಡೆ ರೋಗಿಗಳು ಹಾಸಿಗೆಯಲ್ಲಿ ಕಳೆದ ದಿನ ಕಡಿಮೆಯಾಯಿತು, ತೊಂದರೆ ಹೆಚ್ಚಾಗಲಿಲ್ಲ.

ಆದರೆ ಹಾಳೆಗೆ ನಮ್ಮ ಮಲೆನಾಡು ಗೊತ್ತಿಲ್ಲ. ಅಪ್ಪಯ್ಯ ಸಸಿ ನೆಡುವಾಗ ಗದ್ದೆಗೆ ಇಳಿದಿದ್ದರಾ? ಇಲಿ ಜ್ವರವೂ ಶ್ವಾಸಕೋಶಕ್ಕೆ ಹೋಗುತ್ತದೆ. ಕಣ್ಣು ಕೆಂಪಾಗುವುದು, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಇವನ್ನು ಕೇಳಬೇಕು. ಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಆಗಿದ್ದರೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಕರಿ ಹಕ್ಕಳೆ ಕಾಣಬಹುದು. ಅದಕ್ಕೆ ಡಾಕ್ಸಿಸೈಕ್ಲಿನ್ ಬೇಕು, ನ್ಯುಮೋನಿಯಾದ ಮಾಮೂಲಿ ಇಂಜೆಕ್ಷನ್ ಸಾಲದು. ಅಂಗಿ ಬಿಚ್ಚಿಸಿ ನೋಡು ಎಂದು ಎಲ್ಲ ಹಾಳೆಯಲ್ಲೂ ಬರೆದಿರುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ಎರಡೂ ಪರೀಕ್ಷೆ ಮಾಡಿ ಇಲ್ಲ ಎಂದು ಬರೆದಿದ್ದಾರೆ. ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ ನಿಮಗೆ.

ಎಕ್ಸ್‌ರೇಗೆ ಅವಸರ ಪಟ್ಟಿರಿ. ವಯಸ್ಸಾದವರಲ್ಲಿ ಆ ಕಲೆ ಕರಗಲು ಆರು ವಾರ, ಕೆಲವೊಮ್ಮೆ ಹನ್ನೆರಡು ವಾರವೂ ಬೇಕು. ಮತ್ತೆ ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ, ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ದಮ್ಮು ಕಟ್ಟಿದರೆ ಮಾತ್ರ ಈಗಲೇ ಹೊರಡಿ. ಬೀಡಿ ಸೇದುವವರಾದರೆ ಆರನೇ ವಾರದ ಎಕ್ಸ್‌ರೇ ತಪ್ಪಿಸಲೇಬಾರದು, ಕಲೆಯ ಹಿಂದೆ ಗೆಡ್ಡೆ ಇದ್ದರೆ ಆಗ ಗೊತ್ತಾಗುತ್ತದೆ. ಬೀಡಿ ವಿಷಯ ನೀವು ಬರೆದೇ ಇಲ್ಲ. ಅಪ್ಪಯ್ಯನನ್ನೇ ಕೇಳಿ, ಅಮ್ಮ ಎದುರಿಗಿಲ್ಲದಾಗ.