‘ಕಡಲು ದಾಟಿದ ಭತ್ತ’ದ ಲೇಖಕರಿಗೆ

ಪ್ರಿಯ ಲೇಖಕರೇ,

ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಭತ್ತ ಬೇರೂರಿದ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಹದವಾಗಿದೆ. ಆದರೂ ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

1685ರ ಸುಮಾರಿಗೆ ಮಡಗಾಸ್ಕರ್ ಕಡೆಯಿಂದ ಬಂದ ಹಡಗಿನ ಕಪ್ತಾನ ಜಾನ್ ಥರ್ಬರ್, ಅಲ್ಲಿನ ಚಾರ್ಲ್ಸ್ ಟೌನಿನಲ್ಲಿ (ಇಂದಿನ ಚಾರ್ಲ್ಸ್‌ಟನ್) ಹೆನ್ರಿ ವುಡ್‌ವರ್ಡ್ ಎಂಬುವನಿಗೆ ಬಿತ್ತನೆ ಭತ್ತ ಕೊಟ್ಟನೆಂಬ ಪ್ರಸಂಗವೇ ಅರ್ಧ ಲೇಖನವನ್ನು ನುಂಗಿದೆ. ಅದು ಕಾಲಾನಂತರ ಬರಹಕ್ಕಿಳಿದ ಐತಿಹ್ಯ. ನೀವಾದರೋ ಅದನ್ನು ಕಣ್ಣಾರೆ ಕಂಡವರಂತೆ, ಕಪ್ತಾನನ ಮುಗುಳ್ನಗೆಯ ಸಮೇತ ವರ್ಣಿಸಿದ್ದೀರಿ. ಆ ಮುಗುಳ್ನಗೆಯನ್ನು ಮೊದಲು ತೆಗೆಯಿರಿ.

ಬೀಜ ಕೈಸೇರಿದ ಮಾತ್ರಕ್ಕೆ ಗದ್ದೆಯಾಗುವುದಿಲ್ಲವೆಂಬುದು, ಸ್ವರ್ಣಾ ನದಿಯ ದಡದಲ್ಲಿ ಬೈಲುಗದ್ದೆ ಇದೆಯೆಂದು ಪತ್ರದಲ್ಲಿ ಬರೆದಿರುವ ನಿಮಗೆ ನಾನು ಹೇಳಬೇಕಾದ ಮಾತಲ್ಲ. ಕ್ಯಾರೊಲಿನಾದ ಜೌಗುನೆಲದಲ್ಲಿ ದುಡಿದವರು ಗುಲಾಮರಾಗಿ ಹಿಡಿದು ತಂದ ಆಫ್ರಿಕನ್ನರು. 1708ರ ವೇಳೆಗೆ ಆ ವಸಾಹತಿನಲ್ಲಿ ಅವರ ಸಂಖ್ಯೆ ಬಿಳಿಯರದ್ದನ್ನು ಮೀರಿತ್ತು. ಅವರಲ್ಲಿ ಅನೇಕರು ಪಶ್ಚಿಮ ಆಫ್ರಿಕದ ಭತ್ತದ ಸೀಮೆಯವರು. ಆ ಸೀಮೆಯಲ್ಲಿ, ಏಷ್ಯಾದ ಭತ್ತಕ್ಕಿಂತ ಬೇರೆಯಾದ ಅಲ್ಲಿಯದೇ ಪ್ರಭೇದವೊಂದನ್ನು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಬೆಳೆಯುತ್ತಿದ್ದರು. ಅಲ್ಲಿನ ಕರಾವಳಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದು, ಒಡ್ಡು ಕಟ್ಟಿ, ಉಪ್ಪುನೀರನ್ನು ಹೊರಗಿಟ್ಟು ಗದ್ದೆ ಮಾಡುತ್ತಿದ್ದರು. ಹೀಗಿರುವಾಗ ‘ಭತ್ತ ಏಷ್ಯಾ ಒಂದರದೇ ಕೂಸು’ ಎಂಬ ನಿಮ್ಮ ಮೊದಲ ವಾಕ್ಯವೇ ತಪ್ಪಾಗುತ್ತದೆ.

ಕ್ಯಾರೊಲಿನಾದಲ್ಲಿ ಹದಿನೆಂಟನೆಯ ಶತಮಾನದ ನಡುವಿನಿಂದ ಹಬ್ಬಿದ ಕ್ರಮವನ್ನು ಗಮನಿಸಿ. ಉಬ್ಬರದ ಒತ್ತಿಗೆ ನದಿಯ ಸಿಹಿನೀರು ಮೇಲೇರುವ, ಆದರೆ ಉಪ್ಪು ತಲುಪದ ಜಾಗವನ್ನು ಆರಿಸಿ, ಒಡ್ಡಿನಲ್ಲಿ ತೂಬಿಟ್ಟು, ಉಬ್ಬರಕ್ಕೆ ನೀರನ್ನು ಒಳಬಿಟ್ಟು ಇಳಿತಕ್ಕೆ ಹೊರಹರಿಸುತ್ತಿದ್ದರು. ಆ ತೂಬನ್ನು ‘ಟ್ರಂಕ್’ ಎನ್ನುತ್ತಿದ್ದರು. ಮೊದಮೊದಲು ಅದು ಟೊಳ್ಳು ಮಾಡಿದ ಮರದ ದಿಮ್ಮಿಯಷ್ಟೆ. ಮೈಲಿಗಟ್ಟಲೆ ಒಡ್ಡುಗಳನ್ನು ಗುಲಾಮರು ಕೆಸರಿನಲ್ಲಿ ನಿಂತು ಗುದ್ದಲಿಯಿಂದ ಎತ್ತಿದರು. ಕೊಯ್ದ ಭತ್ತವನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿದವರೂ, ಹುಲ್ಲಿನಿಂದ ಹೆಣೆದ ಗೆರಸೆಯಲ್ಲಿ ಕೇರಿದವರೂ ಅವರೇ. ನಮ್ಮ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವುದು ನಾಲ್ಕು ದಿನ ತಡವಾದರೆ ಸುಗ್ಗಿ ಬೆಳೆಯ ಗತಿ ಏನೆಂದು ಬಲ್ಲ ನೀವು, ಇದಿಷ್ಟನ್ನೂ ‘ಕೂಲಿಗಳ ನೆರವಿನಿಂದ’ ಎಂಬ ಎರಡೇ ಪದಗಳಲ್ಲಿ ದಾಟಿಹೋದದ್ದು ನನಗೆ ಅಚ್ಚರಿ ತಂದಿದೆ. ಅವರು ಕೂಲಿ ಪಡೆದವರಲ್ಲ.

ಹಾಗೆಂದು ಇನ್ನೊಂದು ತುದಿಗೂ ಜಾರಬೇಡಿ. ಬೇಸಾಯದ ಅರಿವು ಆಫ್ರಿಕದಿಂದಲೇ ಬಂತೆಂದು ಭೂಗೋಳಶಾಸ್ತ್ರಜ್ಞೆ ಜುಡಿತ್ ಕಾರ್ನಿ 2001ರಲ್ಲಿ ವಾದಿಸಿದರು. ಇತಿಹಾಸಕಾರ ಡೇವಿಡ್ ಎಲ್ಟಿಸ್ ಮತ್ತು ಸಂಗಡಿಗರು 2007ರಲ್ಲಿ ಗುಲಾಮರ ಹಡಗುಗಳ ದಾಖಲೆಗಳನ್ನು ಮುಂದಿಟ್ಟು ಅದನ್ನು ಪ್ರಶ್ನಿಸಿದರು. ಎರಡೂ ಪಕ್ಷಗಳನ್ನು ಓದುಗರಿಗೆ ತಿಳಿಸಿ, ನಿಮ್ಮ ನಿಲುವನ್ನು ಆಮೇಲೆ ಹೇಳಿ. ಲೂಯಿಸಿಯಾನದ ಭಾಗವನ್ನು ಕೈಬಿಡಿ. ಅದು ಬೇರೆಯೇ ಲೇಖನ.

ಕಪ್ತಾನನಿಗೆ ಒಂದು ಪ್ಯಾರಾ ಸಾಕು; ಉಳಿದ ಜಾಗವನ್ನು ಒಡ್ಡು, ತೂಬು, ಒರಳುಗಳಿಗೆ ಕೊಟ್ಟು ತಿದ್ದಿದ ಪ್ರತಿಯನ್ನು ಆಟಿ ತಿಂಗಳು ಮುಗಿಯುವುದರೊಳಗೆ ಕಳುಹಿಸಿಕೊಡಿ.

ಸಂಪಾದಕ
ಉಡುಪಿ