ಸಫೋಕ್ ಕೌಂಟಿಯ ದಂಡು, ಬುರುಜು, ಕಡತ: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಕೌಂಟಿಯ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಒಂದೇ ತೊಡಕು ಕಾಣುತ್ತದೆ. ರೆಜಿಮೆಂಟಿನ ಹೆಸರಿನಲ್ಲಿರುವ ಊರನ್ನೇ ಸಿಪಾಯಿಯ ಊರೆಂದು ನಂಬಿ ಹುಡುಕಾಟ ಶುರು ಮಾಡಿಬಿಡುತ್ತಾರೆ. ಅಲ್ಲಿಂದ ಮುಂದೆ ಕೈಗೆ ಏನೂ ಸಿಗುವುದಿಲ್ಲ.

ಪ್ರಶ್ನೆ: 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ವಿವರಗಳಲ್ಲಿ "12ನೇ ರೆಜಿಮೆಂಟ್" ಎಂದಿದೆ. ಬೇರೆ ಕಡೆ ಅದೇ ಜಾಗದಲ್ಲಿ "ಸಫೋಕ್ ರೆಜಿಮೆಂಟ್" ಎಂದು ಓದಿದೆ. ಎರಡೂ ಒಂದೇ ಏನು? ಕೋಟೆಗೆ ಲಗ್ಗೆ ಹಾಕಿದವರು ಸಫೋಕಿನ ಹಳ್ಳಿಯವರೇ? — ಓದುಗರು, ಮಂಡ್ಯ

ಒಂದೇ. ಆದರೆ ಎರಡನೆಯ ಪ್ರಶ್ನೆಗೆ "ಹೌದು" ಎನ್ನಲು ಬರುವುದಿಲ್ಲ. ಈ ರೆಜಿಮೆಂಟನ್ನು 1685ರಲ್ಲಿ ಕಟ್ಟಿದವನು ನಾರ್ಫೋಕಿನ ಡ್ಯೂಕ್. ಮುಂದೆ ಅದಕ್ಕೆ 12 ಎಂಬ ಸಂಖ್ಯೆ ಬಂತು. 1782ರಲ್ಲಿ ಸರ್ಕಾರ ಕಾಲ್ದಳಗಳಿಗೆ ಒಂದೊಂದು ಕೌಂಟಿಯ ಹೆಸರು ಹಂಚಿದಾಗ ಇದು "ಈಸ್ಟ್ ಸಫೋಕ್" ಆಯಿತು. ಆ ಹೆಸರಿನ ಊರಿಂದ ಹೆಚ್ಚು ಜನ ಸೇರಲಿ ಎಂಬುದು ಉದ್ದೇಶ. ನಡೆದದ್ದು ಬೇರೆ. ದಂಡು ಎಲ್ಲಿ ಬೀಡುಬಿಟ್ಟಿತ್ತೋ ಅಲ್ಲೇ ಭರ್ತಿ ನಡೆಯುತ್ತಿತ್ತು. ಐರ್ಲೆಂಡಿನವರು ಬಹಳ ಸೇರಿದರು, ಇತರ ಕೌಂಟಿಯವರೂ ಸೇರಿದರು, ಮುಚ್ಚಿದ ರೆಜಿಮೆಂಟುಗಳಿಂದ ವರ್ಗವಾಗಿ ಬಂದವರೂ ಇದ್ದರು. 1881ರಲ್ಲಿ ಸಂಖ್ಯೆ ತೆಗೆದು "ಸಫೋಕ್ ರೆಜಿಮೆಂಟ್" ಎಂದೇ ಕರೆದ ಮೇಲೆ, ಬೆರಿ ಸೇಂಟ್ ಎಡ್ಮಂಡ್ಸ್ ಪಟ್ಟಣದ ಜಿಬ್ರಾಲ್ಟರ್ ಬ್ಯಾರಕ್ಸ್ ಕಾಯಂ ಠಾಣೆಯಾದ ಮೇಲೆ, ಊರಿಗೂ ದಂಡಿಗೂ ನಿಜವಾದ ನಂಟು ಬಲವಾಯಿತು.

ಇದರಲ್ಲಿ ಇನ್ನೊಂದು ತೊಡಕಿದೆ. 1782ರಲ್ಲೇ 63ನೇ ರೆಜಿಮೆಂಟಿಗೆ "ವೆಸ್ಟ್ ಸಫೋಕ್" ಎಂದು ಹೆಸರಿಟ್ಟರು. ಅದು ಸಫೋಕ್ ರೆಜಿಮೆಂಟಿನೊಳಗೆ ಸೇರಿತೆಂದು ಯಾರಿಗಾದರೂ ಅನಿಸುತ್ತದೆ. ಸೇರಲಿಲ್ಲ. 1881ರಲ್ಲಿ ಅದನ್ನು 96ನೆಯದರ ಜೊತೆ ಕೂಡಿಸಿ ಮ್ಯಾಂಚೆಸ್ಟರ್ ರೆಜಿಮೆಂಟ್ ಮಾಡಿದರು. ಆದ್ದರಿಂದ 1881ಕ್ಕೆ ಹಿಂದಿನ ಯಾವ ಹುಡುಕಾಟದಲ್ಲೂ ಸಂಖ್ಯೆಯನ್ನು ಹಿಡಿಯಿರಿ, ಕೌಂಟಿಯ ಹೆಸರನ್ನು ಬದಿಗಿಡಿ.

ಶ್ರೀರಂಗಪಟ್ಟಣದ ಮಟ್ಟಿಗೆ ಹೇಳುವುದಾದರೆ, 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನ ಕಾಳಗ ನಮ್ಮವರಿಗೆ ಗೊತ್ತಿರುವುದು ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ದಾರಿ ತಪ್ಪಿ ಸೋತದ್ದರಿಂದ. ಅವನ ಬಳಿ ಇದ್ದದ್ದು 33ನೆಯದು. ಅದೇ ರಾತ್ರಿ ಕರ್ನಲ್ ಶಾ 12ನೆಯದನ್ನು ಕರೆದುಕೊಂಡು ಪಕ್ಕದ ಕಾಲುವೆಯ ಏರಿಯ ಮೇಲೆ ದಾಳಿ ಮಾಡಿದ. ಅವನಿಗೆ ಜಾಗ ಸಿಕ್ಕಿತು, ಅದನ್ನು ಬಿಟ್ಟುಕೊಡಲಿಲ್ಲ. ಮೇ 4ರ ಲಗ್ಗೆಯಲ್ಲಿ 12 ಮತ್ತು 33 ಎರಡೂ ಎಡ ದಳದಲ್ಲಿ, ಅಂದರೆ ಫಿರಂಗಿಯಿಂದ ಗೋಡೆಯಲ್ಲಿ ಮಾಡಿದ ಬಿರುಕಿನಿಂದ ಉತ್ತರದ ಕೋಟೆಗೋಡೆಯ ಮೇಲೆ ಸಾಗಿದ ದಳದಲ್ಲಿ ಇದ್ದವು. ಟಿಪ್ಪು ಸುಲ್ತಾನ್ ಹೋರಾಡಿ ಮಡಿದದ್ದೂ ಆ ಉತ್ತರದ ಪಕ್ಕದಲ್ಲೇ. ಸ್ಥಳಕ್ಕೆ ಹೋಗಿ ನೋಡುವವರು ಬಿರುಕಿನ ಜಾಗದಿಂದ ನದಿಯನ್ನು ಎಡಕ್ಕಿಟ್ಟುಕೊಂಡು ನಡೆದರೆ ಈ ದಳದ ಹಾದಿ ಅರ್ಥವಾಗುತ್ತದೆ.

ಪ್ರಶ್ನೆ: ಶ್ರೀರಂಗಪಟ್ಟಣದ ಪದಕ ಎಂದು ಹೇಳಿ ಒಂದನ್ನು ಮಾರಲು ಬಂದಿದ್ದಾರೆ. ಒಂದು ಮಗ್ಗುಲಲ್ಲಿ ಸಿಂಹ ಹುಲಿಯನ್ನು ಕೆಡವಿದೆ. ಅಂಚಿನಲ್ಲಿ ಸಿಪಾಯಿಯ ಹೆಸರಿದೆ. ನಂಬಬಹುದೇ? — ಓದುಗರು, ಮೈಸೂರು

ಚಿತ್ರ ಸರಿಯಾಗಿದೆ. ಹಿಂಬದಿಯಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯವೂ ಪರ್ಷಿಯನ್ ಬರಹವೂ ಇರಬೇಕು. ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಮಾಡಿಸಿದ ಪದಕದ ಅಡ್ಡಳತೆ ಸುಮಾರು 48 ಮಿ.ಮೀ. ದರ್ಜೆಗೆ ತಕ್ಕಂತೆ ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ಐದು ಲೋಹ. ಸಾಮಾನ್ಯ ಸಿಪಾಯಿಗೆ ಸಿಕ್ಕದ್ದು ತವರದ್ದು.

ಹೆಸರಿನ ವಿಚಾರದಲ್ಲಿ ಮಾತ್ರ ಎಚ್ಚರಿಕೆ ಬೇಕು. ಈ ಪದಕವನ್ನು ಹೆಸರು ಕೆತ್ತದೆ, ಕೊಂಡಿಯೂ ಇಲ್ಲದೆ ಹಂಚಿದರು. ಹೆಸರು ಇದ್ದರೆ ಅದನ್ನು ಪಡೆದವನೋ ಅವನ ಮನೆಯವರೋ ಆಮೇಲೆ ಕೆತ್ತಿಸಿರಬೇಕು, ಇಲ್ಲವೇ ಮಾರುವವರು ಈಚೆಗೆ ಕೆತ್ತಿಸಿರಬೇಕು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮೈಯೆಲ್ಲ ಸವೆದು ಅಕ್ಷರ ಮಾತ್ರ ಚೂಪಾಗಿದ್ದರೆ ಕೆತ್ತನೆ ಹೊಸದು. ಹುಲಿಯ ಪಟ್ಟೆ, ಸಿಂಹದ ಕೇಸರ ಮಸುಕಾಗಿ ಮೈಮೇಲೆ ಸಣ್ಣ ಗುಳಿಗಳಿದ್ದರೆ ಅದು ಅಚ್ಚೊತ್ತಿದ್ದಲ್ಲ, ಎರಕ ಹೊಯ್ದ ನಕಲು. ಹೆಸರು ಅಸಲಿಯೇ ಎಂದು ತಿಳಿಯಲು 1799ರ ಹಾಜರಿ ಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ನೋಡಬೇಕು. ಅದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮ ತಾಯಿಯ ಕಡೆಯ ಹಿರಿಯರೊಬ್ಬರು ಬ್ರಿಟಿಷ್ ಸಿಪಾಯಿ, ಸಫೋಕಿನವರು ಎಂದು ಮನೆಯಲ್ಲಿ ಹೇಳುತ್ತಾರೆ. ದಾಖಲೆ ಹುಡುಕುವುದು ಹೇಗೆ? — ಓದುಗರು, ಬೆಂಗಳೂರು

ಮೊದಲು ಒಂದನ್ನು ತೀರ್ಮಾನಿಸಿಕೊಳ್ಳಿ: ಅವರು ಇಂಗ್ಲೆಂಡಿನ ದೊರೆಯ ಸೈನ್ಯದಲ್ಲಿದ್ದರೋ, ಕಂಪನಿಯ ಯುರೋಪಿಯನ್ ಪಟಾಲಂನಲ್ಲೋ? ದೊರೆಯ ಸೈನ್ಯದ ಕಡತಗಳು ಲಂಡನ್ ಬಳಿಯ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಕಂಪನಿಯವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಮದ್ರಾಸ್ ಸೈನ್ಯಕ್ಕೆ ಎಲ್/ಎಂಐಎಲ್/11 ಸರಣಿ ನೋಡಬೇಕು. ಒಂದರಲ್ಲಿ ಇರುವವನನ್ನು ಇನ್ನೊಂದರಲ್ಲಿ ಹುಡುಕಿ ವರ್ಷಗಟ್ಟಲೆ ಕಳೆದವರಿದ್ದಾರೆ.

ಬೆಂಗಳೂರು, ಮೈಸೂರು ಕಡೆ ಮದುವೆಯೋ ಮಗುವಿನ ದೀಕ್ಷಾಸ್ನಾನವೋ ಆಗಿದ್ದರೆ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆ, ಅಂದರೆ ಇಂಡಿಯಾ ಆಫೀಸಿನ ಎನ್/2 ಸರಣಿಯಿಂದ ಶುರು ಮಾಡಿ. ಎರಡೂ ಸೈನ್ಯದವರು ಅದರಲ್ಲಿ ಸಿಗುತ್ತಾರೆ. ಗಂಡನ ದರ್ಜೆ, ರೆಜಿಮೆಂಟಿನ ಸಂಖ್ಯೆ ಅಲ್ಲಿ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ.

ದೊರೆಯ ಸೈನ್ಯದವನಾದರೆ ಮುಂದಿನದು ಕ್ಯೂನ ಡಬ್ಲ್ಯುಒ 97 ಸರಣಿ (ಡಬ್ಲ್ಯುಒ ಎಂದರೆ ವಾರ್ ಆಫೀಸ್, ಯುದ್ಧ ಇಲಾಖೆ). ಇವು 1760ರಿಂದ 1913ರವರೆಗಿನ ಬಿಡುಗಡೆ ಪತ್ರಗಳು. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು), ಸೇರಿದಾಗಿನ ವಯಸ್ಸು, ಮೊದಲಿನ ಕಸುಬು, ಎತ್ತರ, ಕೂದಲು ಮತ್ತು ಕಣ್ಣಿನ ಬಣ್ಣ, ಯಾವ ಕಾಯಿಲೆಯಿಂದಲೋ ಗಾಯದಿಂದಲೋ ಬಿಡುಗಡೆ ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ಹಳೆಯ ಕಾಲದ ಮಟ್ಟಿಗೆ ಇದು ಪಿಂಚಣಿ ಪಡೆದವರ ಕಡತ. ಸೇವೆಯಲ್ಲೇ ಸತ್ತವನು, ಓಡಿಹೋದವನು ಇದರಲ್ಲಿ ಇರುವುದಿಲ್ಲ. ಐರ್ಲೆಂಡಿನಲ್ಲಿ ಪಿಂಚಣಿಗೆ ಸೇರಿದವನಾಗಿದ್ದರೆ 1822ರವರೆಗೆ ಡಬ್ಲ್ಯುಒ 119ರಲ್ಲಿ ನೋಡಬೇಕು. 12ನೇ ರೆಜಿಮೆಂಟಿನಂಥ ದಂಡಿಗೆ ಇದನ್ನು ಬಿಡಲೇಬಾರದು.

ಎರಡರಲ್ಲೂ ಸಿಗದಿದ್ದರೆ ಡಬ್ಲ್ಯುಒ 12. ಇದು ಹಾಜರಿ ಮತ್ತು ಸಂಬಳದ ಪಟ್ಟಿ, ರೆಜಿಮೆಂಟುವಾರು, ಅದರೊಳಗಿನ ತುಕಡಿವಾರು. ಪ್ರಯಾಸದ ಕೆಲಸ, ಆದರೆ ಸುಳ್ಳು ಹೇಳದ ಕಡತ. ಸಂಬಳ ಪಡೆದವರ ಹೆಸರಷ್ಟೇ ಬರೆದಿದ್ದಾರೆ. ಒಂದು ವರ್ಷದ ಪಟ್ಟಿಯಲ್ಲಿ ಹೆಸರು ಹಿಡಿದು, ಅವನು ಕಾಣೆಯಾಗುವವರೆಗೆ ಮುಂದಕ್ಕೆ, ಮೊದಲ ಸಲ ಕಾಣುವವರೆಗೆ ಹಿಂದಕ್ಕೆ ಹೋಗಿ. ಕಾಣೆಯಾಗುವ ಜಾಗದ ಷರಾದಲ್ಲಿ "ಸತ್ತ", "ವರ್ಗ", "ಬಿಡುಗಡೆ" ಎಂದು ತಾರೀಖಿನೊಂದಿಗೆ ಇರುತ್ತದೆ. ಹೆಸರಿನ ಕಾಗುಣಿತ ಒಂದೊಂದು ಸಲ ಒಂದೊಂದು ಥರ ಇರುವುದರಿಂದ ಉಚ್ಚಾರಣೆಗೆ ಹತ್ತಿರದ ಎಲ್ಲ ರೂಪಗಳನ್ನೂ ಬರೆದಿಟ್ಟುಕೊಂಡು ಕೂತುಕೊಳ್ಳಿ.

ಮೊದಲ ಮಹಾಯುದ್ಧದವನಾದರೆ ದಾರಿ ಬೇರೆ. ಸೇವಾ ಕಡತಗಳಲ್ಲಿ ನೂರಕ್ಕೆ ಸುಮಾರು 60 ಪಾಲು 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಉಳಿದದ್ದು ಡಬ್ಲ್ಯುಒ 363ರಲ್ಲಿದೆ, ಹಾಳೆಗಳ ಅಂಚು ಕರಕಲು. ಅದರಲ್ಲಿ ಇಲ್ಲದಿದ್ದರೂ ಪದಕದ ಕಾರ್ಡು ಡಬ್ಲ್ಯುಒ 372ರಲ್ಲಿ ಇರುವ ಸಂಭವ ಹೆಚ್ಚು. ಅರೆಕಾಲಿಕ ಪಟಾಲಂಗಳ ಸಿಪಾಯಿಗಳಿಗೆ 1917ರ ಆರಂಭದಲ್ಲಿ ಹೊಸದಾಗಿ ಆರಂಕಿಯ ಸಂಖ್ಯೆ ಕೊಟ್ಟರು. ಸಫೋಕಿನ 4ನೇ ಪಟಾಲಂಗೆ 200001ರಿಂದ, 5ನೆಯದಕ್ಕೆ 240001ರಿಂದ. ಹೀಗಾಗಿ ಒಬ್ಬನೇ ಮನುಷ್ಯ ಎರಡು ಸಂಖ್ಯೆಗಳಲ್ಲಿ ಕಾಣಿಸುತ್ತಾನೆ, ಇಬ್ಬರೆಂದು ಎಣಿಸಬೇಡಿ.

ಪ್ರಶ್ನೆ: ಮಗಳು ಫೆಲಿಕ್ಸ್‌ಸ್ಟೋನಲ್ಲಿದ್ದಾಳೆ. ಸಮುದ್ರದ ದಂಡೆಯಲ್ಲಿ ಕಿಟಕಿ ಕಡಿಮೆ ಇರುವ ಗುಂಡನೆಯ ಇಟ್ಟಿಗೆ ಬುರುಜುಗಳಿವೆ. ಬಾಗಿಲು ಮೇಲಿನ ಅಂತಸ್ತಿನಲ್ಲಿದೆ. ಏಕೆ? — ಓದುಗರು, ಶಿವಮೊಗ್ಗ

ಅವು ಮಾರ್ಟೆಲ್ಲೊ ಬುರುಜುಗಳು. ನೆಪೋಲಿಯನ್ ದಂಡೆತ್ತಿ ಬರುತ್ತಾನೆಂಬ ಭಯದಲ್ಲಿ ಪೂರ್ವ ಕರಾವಳಿಯಲ್ಲಿ 1808ರಿಂದ 1812ರೊಳಗೆ 29 ಕಟ್ಟಿದರು. ದಕ್ಷಿಣ ಕರಾವಳಿಯವಕ್ಕೆ ಸಂಖ್ಯೆ, ಇಲ್ಲಿಯವಕ್ಕೆ ಅಕ್ಷರ: ಎಸೆಕ್ಸಿನಲ್ಲಿ ಎ ಇಂದ ಕೆ ವರೆಗೆ 11, ಸಫೋಕಿನ ಶಾಟ್ಲಿಯ ಎಲ್‌ನಿಂದ ಆಲ್ಡ್‌ಬರಾದ ಸಿಸಿ ವರೆಗೆ 18.

ಒಂದೊಂದಕ್ಕೆ ಸುಮಾರು 7 ಲಕ್ಷ ಇಟ್ಟಿಗೆ ಹಿಡಿದಿದೆ. ಗೋಡೆ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ಹಡಗಿನ ಗುಂಡು ಬೀಳುವ ಸಮುದ್ರದ ಕಡೆ ಬಹಳ ದಪ್ಪ, ಊರಿನ ಕಡೆ ತೆಳು. ನೆಲಮಟ್ಟದಲ್ಲಿ ಮದ್ದಿನ ಮನೆ ಮತ್ತು ಉಗ್ರಾಣ, ಅದರ ಮೇಲೆ ಸಿಪಾಯಿಗಳ ವಾಸ, ಮಾಳಿಗೆಯ ಮೇಲೆ ಫಿರಂಗಿ. ಬಾಗಿಲು ವಾಸದ ಅಂತಸ್ತಿನಲ್ಲಿದ್ದರೆ ಏಣಿ ಅಥವಾ ಸೇತುವೆ ಎಳೆದುಕೊಂಡು ಮುತ್ತಿಗೆ ತಡೆಯಬಹುದು, ಮದ್ದಿನ ಮನೆಗೆ ಹೊರಗಿನಿಂದ ನೇರ ದಾರಿಯೂ ಇರುವುದಿಲ್ಲ. ಇಲ್ಲಿಯ ಮಾಳಿಗೆ ಮೂರು ಎಸಳಿನ ಆಕಾರದಲ್ಲಿದೆ, ಮೂರು ಫಿರಂಗಿಗೆ ಜಾಗ. ಆಲ್ಡ್‌ಬರಾದ ಸಿಸಿ ಒಂದೇ ನಾಲ್ಕೆಸಳಿನದು. ಪಕ್ಕದ ಸ್ಲಾಡನ್ ಎಂಬ ಊರನ್ನು ಸಮುದ್ರ ನುಂಗಿದೆ, ಬುರುಜು ನಿಂತಿದೆ.

ಇವನ್ನು ಹಾಳು ಮಾಡುವುದು ಗಾಳಿ ಮಳೆಗಿಂತ ಹೆಚ್ಚಾಗಿ ಸಿಮೆಂಟು. ಮೂಲ ಕಟ್ಟಡ ಸುಣ್ಣದ ಗಾರೆಯದು. ಅದು ಒಳಗಿನ ತೇವವನ್ನು ಸಂದಿನ ಮೂಲಕ ಹೊರಗೆ ಬಿಡುತ್ತದೆ. ದುರಸ್ತಿಯ ಹೆಸರಿನಲ್ಲಿ ಸಂದಿಗೆ ಸಿಮೆಂಟು ಮೆತ್ತಿದರೆ ತೇವ ಇಟ್ಟಿಗೆಯಲ್ಲೇ ನಿಲ್ಲುತ್ತದೆ, ಉಪ್ಪು ಹರಳುಗಟ್ಟಿ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಇಟ್ಟಿಗೆಯ ಮುಖ ಪದರಪದರವಾಗಿ ಉದುರುತ್ತದೆ. ಸಂದು ಗಟ್ಟಿಯಾಗಿ ಮುಂದೆ ಚಾಚಿ, ಇಟ್ಟಿಗೆ ಒಳಕ್ಕೆ ಕೊರೆದಂತೆ ಕಂಡರೆ ಕಾರಣ ಇದೇ. ನಮ್ಮ ಹಳೆಯ ಕೋಟೆಗಳಲ್ಲೂ ಇದೇ ತಪ್ಪು ನಡೆಯುತ್ತಿರುವುದು ನೋವಿನ ಸಂಗತಿ.

ಪ್ರಶ್ನೆ: ಇಪ್ಸ್‌ವಿಚ್ ಸುತ್ತಲಿನ ಹೊಲಗಳಲ್ಲಿ ಆರು ಮೂಲೆಯ ಕಾಂಕ್ರೀಟ್ ಗೂಡುಗಳನ್ನು ನೋಡುತ್ತಿರುತ್ತೇನೆ. 1940ರ ಪಟಾಲಂ ದಿನಚರಿಯಲ್ಲಿ ಒಂದರ ನಕ್ಷೆಯ ಅಂಕಿ ಸಿಕ್ಕಿತು. ಆ ಅಂಕಿ ಹಿಡಿದು ಹೋದರೆ ಅಲ್ಲಿ ಏನೂ ಇಲ್ಲ. — ಓದುಗರು, ಇಪ್ಸ್‌ವಿಚ್

ಇವು ಪಿಲ್‌ಬಾಕ್ಸ್‌ಗಳು, ಅಂದರೆ ಒಳಗಿನಿಂದ ಗುಂಡು ಹಾರಿಸಲು ಎರಡನೇ ಮಹಾಯುದ್ಧದಲ್ಲಿ ಕಟ್ಟಿದ ಗೂಡುಗಳು. ಗೂಡು ಬಹುಶಃ ಅಲ್ಲೆಲ್ಲೋ ಇದೆ, ನೀವು ಹಿಡಿದ ನಕ್ಷೆಯ ಚೌಕಳಿ, ಅಂದರೆ ಅಂಕಿ ಹಾಕಿದ ಗೆರೆಗಳ ಜಾಲ, ಬೇರೆ. ಯುದ್ಧಕಾಲದ ಸೈನ್ಯ ಬಳಸಿದ್ದು ಕ್ಯಾಸಿನಿ ಚೌಕಳಿ. ಇಂದಿನ ನಕ್ಷೆಗಳಲ್ಲಿರುವುದು ನ್ಯಾಷನಲ್ ಗ್ರಿಡ್, ಸಫೋಕಿಗೆ ಟಿಎಂ ಮತ್ತು ಟಿಎಲ್ ಚೌಕಗಳು. ಎರಡರ ಮೂಲಬಿಂದುವೇ ಬೇರೆಯಾದ್ದರಿಂದ ಅಂಕಿಗಳು ಕೂಡುವುದಿಲ್ಲ. ಪರಿವರ್ತಿಸಿಕೊಳ್ಳಿ, ಇಲ್ಲವೇ ಆ ಕಾಲದ ಒಂದಿಂಚಿನ ಸೈನಿಕ ನಕ್ಷೆಯಲ್ಲಿ ಜಾಗ ಗುರುತಿಸಿ, ರಸ್ತೆ ಮತ್ತು ಚರ್ಚು ಹಿಡಿದು ಇಂದಿನದಕ್ಕೆ ಇಳಿಸಿ. ಆರಂಕಿಯ ಉಲ್ಲೇಖ 100 ಮೀಟರ್ ಚೌಕವನ್ನಷ್ಟೇ ತೋರಿಸುತ್ತದೆ, ಬೇಲಿಯೊಳಗೂ ನೋಡಬೇಕು. ದೇಶದೊಳಗಿದ್ದ ಪಡೆಗಳ ದಿನಚರಿ ಕ್ಯೂನ ಡಬ್ಲ್ಯುಒ 166ರಲ್ಲಿದೆ.

ಗೂಡನ್ನು ಗುರುತಿಸಲು ಟೇಪು ಸಾಕು. ಆರೂ ಬದಿ ಸಮವಾಗಿದ್ದರೆ 22ನೇ ಮಾದರಿ. ಬಾಗಿಲಿರುವ ಹಿಂಬದಿ ಸುಮಾರು 14 ಅಡಿ, ಉಳಿದವು ಅದರ ಅರ್ಧದಷ್ಟಿದ್ದರೆ 24ನೆಯದು. ಗುಂಡಿನ ಕಂಡಿಯಲ್ಲಿ ಗೋಡೆಯ ದಪ್ಪ ಅಳೆಯಿರಿ: 12ರಿಂದ 15 ಇಂಚು ಬಂದೂಕಿನ ಗುಂಡಿಗೆ, 42 ಇಂಚಿನ ಆಸುಪಾಸು ಫಿರಂಗಿಗೆ. ಹೊರಮೈ ಇಟ್ಟಿಗೆಯದಾಗಿದ್ದರೆ ಇಡೀ ಗೂಡು ಇಟ್ಟಿಗೆಯದೆಂದು ಬರೆಯಬೇಡಿ. ಮರದ ಹಲಗೆಗೆ ಬರ ಇದ್ದದ್ದರಿಂದ ಸೆಂಟ್ರಿಂಗಿಗೆ ಬದಲು ಇಟ್ಟಿಗೆ ಕಟ್ಟಿ, ನಡುವೆ ಕಾಂಕ್ರೀಟ್ ಸುರಿದು ಹಾಗೇ ಬಿಟ್ಟರು. ತುಕ್ಕು ಹಿಡಿದ ಸರಳು ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕಡಲಿನ ಬಳಿ ಇದು ಬೇಗ ಆಗುವುದರಿಂದ ಸೂರಿನ ಕೆಳಗೆ ನಿಲ್ಲಬೇಡಿ.

ಇದರ ಜೊತೆಗೆ ಕಾನೂನಿನ ಎರಡು ಮಾತು. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಲೋಹಶೋಧಕ ಹಿಡಿಯುವುದು ಅಪರಾಧ. ಸಫೋಕಿನಲ್ಲಿ ಯುದ್ಧವಿಮಾನ ಬಿದ್ದ ಜಾಗಗಳು ಹಲವಿವೆ, ಸೈನಿಕ ಅವಶೇಷಗಳ ರಕ್ಷಣೆಯ 1986ರ ಕಾಯ್ದೆಯ ಪ್ರಕಾರ ಅಲ್ಲಿ ಅಗೆಯಲು ಪರವಾನಗಿ ಬೇಕು. ಹೊಲದಲ್ಲಿ ಮೂರು ಕಾಂಕ್ರೀಟ್ ಪಟ್ಟೆ ಒಂದನ್ನೊಂದು ಕತ್ತರಿಸಿರುವುದು ಕಂಡರೆ ಅದು 1942ರ ಮಾದರಿಯ ಬಾಂಬರ್ ನಿಲ್ದಾಣ: ಮುಖ್ಯ ಓಡುದಾರಿ 2,000 ಗಜ, ಉಳಿದೆರಡು 1,400 ಗಜ, ಅಗಲ 50 ಗಜ. ಅಡ್ಡಗಾಳಿಯಲ್ಲಿ ಇಳಿಯುವುದು ಕಷ್ಟವಾದ್ದರಿಂದ ಮೂರು ದಿಕ್ಕು. ರೌಹ್ಯಾಮ್ ಮತ್ತು ಪಾರ್ಹ್ಯಾಮ್‌ಗಳಲ್ಲಿ ಅಮೆರಿಕದ ಬಿ-17 ವಿಮಾನಗಳಿದ್ದವು, ಎರಡೂ ಕಡೆ ನಿಯಂತ್ರಣ ಗೋಪುರ ಈಗ ವಸ್ತುಸಂಗ್ರಹಾಲಯ.

ಪ್ರಶ್ನೆ: ಬರಾ ಕ್ಯಾಸಲ್ ಎಂಬ ರೋಮನ್ ಕೋಟೆ ಹಳೆಯ ಬರಹಗಳಲ್ಲಿ ಸಫೋಕಿನಲ್ಲಿದೆ, ಹೊಸ ನಕ್ಷೆಯಲ್ಲಿ ನಾರ್ಫೋಕಿನಲ್ಲಿದೆ. ಯಾವುದು ತಪ್ಪು? — ಓದುಗರು, ಧಾರವಾಡ

ಎರಡೂ ಸರಿ. 1974ರಲ್ಲಿ ಗಡಿ ಬದಲಾಯಿತು. ಬರಾ ಕ್ಯಾಸಲ್, ಬೆಲ್ಟನ್, ಬ್ರಾಡ್‌ವೆಲ್, ಫ್ರಿಟನ್, ಹಾಪ್ಟನ್ ನಾರ್ಫೋಕಿಗೆ ಹೋದವು. 1889ರಿಂದ 1974ರವರೆಗೆ ಸಫೋಕಿನಲ್ಲೇ ಪೂರ್ವ, ಪಶ್ಚಿಮ ಎಂದು ಎರಡು ಆಡಳಿತಗಳಿದ್ದವು ಎಂಬುದನ್ನೂ ಗಮನದಲ್ಲಿಡಿ. ಈ ಹಳ್ಳಿಗಳ ಕಾಗದಪತ್ರ ಬೇಕಾದವರು ಸಫೋಕ್ ಮತ್ತು ನಾರ್ಫೋಕ್ ಎರಡೂ ಪತ್ರಾಗಾರಗಳ ಸೂಚಿ ನೋಡಿ, ಪ್ರಯಾಣಕ್ಕೆ ಮುನ್ನ ಪತ್ರ ಬರೆದು, ಬೇಕಾದ ಕಟ್ಟು ಯಾವ ಶಾಖೆಯಲ್ಲಿದೆ ಎಂದು ಕೇಳಿಕೊಳ್ಳಿ. ಸಫೋಕಿನ ಮುಖ್ಯ ಪತ್ರಾಗಾರ ಇಪ್ಸ್‌ವಿಚ್‌ನ "ದ ಹೋಲ್ಡ್". 1752ಕ್ಕೆ ಹಿಂದಿನ ಚರ್ಚ್ ರಿಜಿಸ್ಟರಿನಲ್ಲಿ ಹೊಸ ವರ್ಷ ಶುರುವಾಗುವುದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿಯ ನಮೂದನ್ನು ಬರೆದುಕೊಳ್ಳುವಾಗ 1685/86 ಎಂದು ಎರಡೂ ವರ್ಷ ಹಾಕಿ.